ದಾರಿಯಲ್ಲಿ ಹಾಸಿದ ಚಾಪೆ

ಸೈನಿಮೆರೆಗೆ ಐವತ್ತೆಂಟು ವರ್ಷ. ಅದರಲ್ಲಿ ಮೂವತ್ತಾರು ವರ್ಷ ಅವಳು ದ್ವೀಪದೇಶವೊಂದರ ಸುವಾ ನಗರದ ಅಂಚಿನ ನಾಇವಿ ಎಂಬ ಊರಿನ ಕಾಲುದಾರಿಯಲ್ಲಿ ಏನಾದರೊಂದು ಹೊತ್ತುಕೊಂಡೇ ನಡೆದಿದ್ದಾಳೆ. ಮೊದಲು ಹೊಟ್ಟೆಯಲ್ಲೊಂದು ಕಂಕುಳಲ್ಲೊಂದು ಮಗು. ಆಮೇಲೆ ಮರಗೆಣಸಿನ ಮೂಟೆ, ಸೀಮೆಎಣ್ಣೆ ಡಬ್ಬ, ಗ್ಯಾಸ್ ಸಿಲಿಂಡರ್, ಒಮ್ಮೆ ತೀರಿಕೊಂಡ ಅತ್ತೆಯ ಹಾಸಿಗೆ. ಬರಿಗೈಯಲ್ಲಿ ಆ ದಾರಿ ಇಳಿಯುತ್ತಿದ್ದವನು ಗಂಡ ಎಪರಾಮ. ಅವನಿಗೆ ಮೊಣಕಾಲು ನೋವು.

ಬಸ್‌ಸ್ಟಾಪಿನಿಂದ ಇಳಿದರೆ ಒಂದು ಕಡೆ ಮುಚ್ಚಿಹೋದ ಬಟ್ಟೆ ಕಾರ್ಖಾನೆಯ ಗೋಡೆ, ಇನ್ನೊಂದು ಕಡೆ ಉಪ್ಪುನೀರಿನ ಕಾಂಡ್ಲಾ ಕಾಡಿನ ಕೆಸರು. ಮಧ್ಯೆ ಒಂದು ತಿರುವು. ಐದು ನಿಮಿಷಕ್ಕೆ ಮನೆ. ಆ ಕಾರ್ಖಾನೆಯಲ್ಲಿ ಸೈನಿಮೆರೆ ಹನ್ನೊಂದು ವರ್ಷ ಯಾರದೋ ಪ್ಯಾಂಟುಗಳಿಗೆ ಜೇಬು ಹೊಲಿದಿದ್ದಳು. ತನ್ನ ಲಂಗಕ್ಕೆ ಒಂದು ಜೇಬು ಹೊಲಿದುಕೊಳ್ಳಲು ಪುರುಸೊತ್ತು ಸಿಕ್ಕಿದ್ದು ಕಾರ್ಖಾನೆ ಮುಚ್ಚಿದ ಮೇಲೆ.

ಈ ವರ್ಷ ದಾರಿ ಕಳ್ಳರಿಗೂ ಹಿಡಿಸಿತು. ಬಸ್‌ಸ್ಟಾಪಿನಲ್ಲಿ ಬ್ಯಾಗು ಕಿತ್ತುಕೊಳ್ಳುವುದು, ದಾರಿಯಲ್ಲಿ ಓಡಿ ಇಳಿಯುವುದು, ಕಾಂಡ್ಲಾ ಕಾಡಿನಲ್ಲಿ ಮಾಯವಾಗುವುದು. ಎರಡು ತಿಂಗಳಲ್ಲಿ ಆರು ಸಲ ಹೀಗಾಯಿತು. ಏಳನೆಯ ಸಲ ಎಪರಾಮನ ಅಣ್ಣನ ಮಗಳು ಅಕೇಸ ಬ್ಯಾಗು ಬಿಡಲಿಲ್ಲ. ಕಳ್ಳ ಅವಳನ್ನು ಗೋಡೆಗೆ ನೂಕಿದ. ಬಲಗೈ ಮಣಿಕಟ್ಟು ಮುರಿಯಿತು. ಹೋಟೆಲಿನಲ್ಲಿ ಬಟ್ಟೆ ಒಗೆಯುವ ಕೆಲಸದವಳಿಗೆ ಬಲಗೈಯೇ ಅನ್ನ.

ನಾಇವಿಗೊಂದು ಕಾವಲು ಸಮಿತಿ ಇತ್ತು. ಹನ್ನೆರಡು ಗಂಡಸರು, ಒಂದು ತಗಡಿನ ಚಪ್ಪರ, ಒಂದು ದೊಡ್ಡ ಮರದ ಬೋಗುಣಿ. ಸಂಜೆ ಐದಕ್ಕೆ ಬೋಗುಣಿಯ ಸುತ್ತ ಕೂತು ಯಂಗೋನ ಎಂಬ ಬೇರಿನ ಪಾನಕ ಕುಡಿಯುತ್ತ ಅವರು ಊರು ಕಾಯುತ್ತಿದ್ದರು. ಬೇರು ಕುಟ್ಟಿಕೊಡುವವರು ಹೆಂಗಸರು. ಆಮೇಲೆ ನಂಚಿಕೊಳ್ಳಲು ಗೆಣಸು ಬೇಯಿಸಿ ತರುವವರೂ ಅವರೇ. ನಾಲ್ಕು ಬಟ್ಟಲು ಒಳಗೆ ಹೋದರೆ ನಾಲಿಗೆ ಮರಗಟ್ಟುತ್ತದೆ, ಕಾಲು ಭಾರವಾಗುತ್ತದೆ. ಕಳ್ಳನನ್ನು ಅಟ್ಟಿಸಿಕೊಂಡು ಹೋಗಲು ಎರಡೂ ಬೇಕು.

ಅಕೇಸಳ ಕೈ ಮುರಿದ ವಾರ ಸಮಿತಿಯ ಹಿರಿಯ ಪೌಲಿಯಾಸಿ ಎಲ್ಲರನ್ನೂ ಕರೆದು ತೀರ್ಮಾನ ಹೇಳಿದ: ಶನಿವಾರ ಬೆಳಿಗ್ಗೆ ದಾರಿಯ ತಿರುವಿಗೆ ತಗಡು ಬಡಿದು ಮುಚ್ಚುವುದು.

ಬಾಗಿಲ ಬಳಿ ಗೆಣಸಿನ ತಟ್ಟೆ ಹಿಡಿದಿದ್ದ ಸೈನಿಮೆರೆ ಅಲ್ಲೇ ಕೂತು ಕೇಳಿದಳು: "ಮುಚ್ಚಿದ್ರೆ ನಾವು ಯಾವ ಕಡೆಯಿಂದ ಬರೋದು, ತುರಾಂಗ?"

ಹಿರಿಯರನ್ನು ಹಾಗೆ ಕರೆಯುವುದು ವಾಡಿಕೆ. ಅವಳ ಬಾಯಲ್ಲಿ ಅದು ಸ್ವಲ್ಪ ಖಾರವಾಗಿಯೇ ಬಂತು.

"ಗುಡ್ಡ ಬಳಸಿ ಬನ್ನಿ. ಮುಕ್ಕಾಲು ಗಂಟೆ ಅಷ್ಟೆ. ಜೀವಕ್ಕಿಂತ ಹೆಚ್ಚಾ?"

"ಬೆನ್ನ ಮೇಲೆ ಸಿಲಿಂಡರ್ ಹೊತ್ಕೊಂಡು ಒಂದ್ಸಲ ಬಳಸಿ ನೋಡಿ, ಆಮೇಲೆ ಹೇಳಿ."

ಗಂಡಸರು ನಕ್ಕರು. ಎಪರಾಮ ಗೊಣಗಿದ: "ಸೈನಿ, ಸಾಕು. ತಟ್ಟೆ ಇಡು."

ಅವಳು ತಟ್ಟೆ ಇಟ್ಟಳು. ತಾನು ಬೇಯಿಸಿದ ಗೆಣಸಿನಲ್ಲಿ ಎರಡು ತುಂಡು ಎತ್ತಿಕೊಂಡು ಬಾಯಿಗೆ ಹಾಕಿಕೊಂಡು ಹೊರಟಳು.

ಚರ್ಚಿಗೆ ಹೊಸ ಪಾದ್ರಿ ಬರುವವರಿದ್ದರು. ಅವರ ಸ್ವಾಗತಕ್ಕೆ ಹದಿನೈದು ಅಡಿಯ ಚಾಪೆ ಹೆಣೆಯುವ ಕೆಲಸ ಹೆಂಗಸರ ಸಂಘದ ಪಾಲಿಗೆ ಬಂದಿತ್ತು. ಕೇದಗೆಯ ಗರಿ ಒಣಗಿಸಿ, ಚಿಪ್ಪಿನಿಂದ ಉಜ್ಜಿ ಮೆದುಗೊಳಿಸಿ ಎಲ್ಲರೂ ಕಾಯುತ್ತಿದ್ದರು. ಶುಕ್ರವಾರ ಸೈನಿಮೆರೆ ಮನೆಮನೆಗೆ ಹೋಗಿ ಒಂದೇ ಮಾತು ಹೇಳಿದಳು: "ಚರ್ಚಿನ ಹಾಲ್‌ನಲ್ಲಿ ಬೇಡ. ತಿರುವಿನಲ್ಲಿ ಹೆಣೆಯೋಣ."

ಶನಿವಾರ ಪೌಲಿಯಾಸಿ ಬಸ್‌ಸ್ಟಾಪಿನ ಕಡೆಯಿಂದ ತಗಡು ಹೊರಿಸಿಕೊಂಡು ಬಂದಾಗ ತಿರುವಿನಾಚೆ ಗೋಡೆಯಿಂದ ಕೆಸರಿನವರೆಗೆ ಚಾಪೆ ಬೆಳೆಯತೊಡಗಿತ್ತು. ಸುತ್ತ ಒಂಬತ್ತು ಹೆಂಗಸರು ಕಾಲು ಮಡಚಿ ಕೂತಿದ್ದರು. ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡ ಅಕೇಸ ಎಡಗೈಯಲ್ಲಿ ಗರಿ ಎತ್ತಿಕೊಡುತ್ತಿದ್ದಳು. ಪಕ್ಕದ ಮನೆಯ ಸುಖರಾಜಿಗೆ ಹೆಣಿಗೆ ಬಾರದು. ಅವಳು ರಾತ್ರಿಯ ಅಡುಗೆಯ ಬಟಾಣಿ ತಂದು ಅಲ್ಲೇ ಸುಲಿಯುತ್ತಿದ್ದಳು.

"ಏಳಿ, ಏಳಿ. ಇದು ಕೂರೋ ಜಾಗನಾ?" ಎಂದ ಪೌಲಿಯಾಸಿ.

"ಪಾದ್ರಿಗಳ ಚಾಪೆ, ತುರಾಂಗ. ಅರ್ಧಕ್ಕೆ ಎತ್ತಿದ್ರೆ ಹೆಣಿಗೆ ಬಿಚ್ಚತ್ತೆ. ನೀವೇ ಎತ್ತಿ, ಪಾದ್ರಿಗಳಿಗೆ ನೀವೇ ಹೇಳಿ."

"ಎಷ್ಟು ದಿನ?"

"ಮನೆಕೆಲಸ ಮುಗಿಸ್ಕೊಂಡು ಬಂದು ಮಾಡೋ ಕೆಲಸ. ಅದಕ್ಕೆ ಲೆಕ್ಕ ಉಂಟಾ?" ಎಂದಳು ಸುಖರಾಜಿ ಬಟಾಣಿಯಿಂದ ತಲೆ ಎತ್ತದೆ.

ಕೂತವರ ಪಕ್ಕದಲ್ಲಿ ನೆಟ್ಟಗೆ ನಡೆದುಹೋಗುವುದು ಅಲ್ಲಿ ಯಾರಿಗೂ ಸಲ್ಲದು. ಬೆನ್ನು ಬಗ್ಗಿಸಿ, ಕೈ ಕೆಳಗೆ ಬಿಟ್ಟು, "ತುಲೋ, ತುಲೋ" ಎಂದು ಅಪ್ಪಣೆ ಕೇಳುತ್ತ ದಾಟಬೇಕು. ಮನೆ ಆಚೆ ಕಡೆ ಇದ್ದುದರಿಂದ ಪೌಲಿಯಾಸಿಯೂ ಬಗ್ಗಿದ. ತಗಡು ಹೊತ್ತವರೂ ಬಗ್ಗಿದರು. ಒಂಬತ್ತು ಬಾಯಿಗಳು ನಗು ನುಂಗಿದವು.

ಅಂದಿನಿಂದ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಮನೆಗಳ ಕೆಲಸ ದಾರಿಗೆ ಇಳಿಯಿತು. ಒಬ್ಬಳು ತೆಂಗಿನಕಾಯಿ ತುರಿಮಣೆ ತಂದಳು, ಒಬ್ಬಳು ಮಗುವಿನ ಬಟ್ಟೆಗೆ ಗುಂಡಿ ಹಾಕಿದಳು. ಶಾಲೆ ಬಿಟ್ಟ ಮಕ್ಕಳು ಅಲ್ಲೇ ಪಾಠ ಬರೆದರು. ಸುಖರಾಜಿ ರೊಟ್ಟಿ ಮಾರಲು ಶುರು ಮಾಡಿದಳು. ಮನೆಯೊಳಗೆ ಯಾರ ಕಣ್ಣಿಗೂ ಬೀಳದ ದುಡಿಮೆ ಬಯಲಿಗೆ ಬಂದಾಗ ಸಮಿತಿಯ ಗಂಡಸರಿಗೆ ಅದು ಅಡ್ಡಿಯಾಗಿ ಕಂಡಿತು. ಬೇರು ಕುಟ್ಟುವವರಿಲ್ಲದೆ ಚಪ್ಪರದಲ್ಲಿ ಗೊಣಗಾಟ ಎದ್ದಿತು.

"ನಿನ್ನಿಂದ ನಾನು ತಲೆ ಎತ್ತೋ ಹಾಗಿಲ್ಲ," ಎಂದ ಎಪರಾಮ.

"ಒನಕೆ ಎತ್ತು. ಅದು ಮೂಲೇಲಿದೆ."

ಹತ್ತನೆಯ ದಿನ ನಾಲ್ಕು ಗಂಟೆಗೆ ಬಸ್‌ಸ್ಟಾಪಿನ ಕಡೆಯಿಂದ ಯಾರೋ ಕಿರುಚಿದರು. ಧಡಧಡ ಹೆಜ್ಜೆಯ ಸದ್ದು. ತಿರುವಿನಲ್ಲಿ ಒಬ್ಬ ಗಟ್ಟಿಮುಟ್ಟಾದ ಆಳು ನುಗ್ಗಿದ. ಮೂವತ್ತರ ಆಸುಪಾಸು, ಕಂಕುಳಲ್ಲಿ ಕೆಂಪು ಬ್ಯಾಗು. ಅವನು ಊರಾಚೆಯವನು, ದಾರಿಯಲ್ಲಿ ಚಾಪೆ ಬಿದ್ದ ಸುದ್ದಿ ಅವನಿಗೆ ತಿಳಿದಿರಲಿಲ್ಲ. ಎದುರಿಗೆ ಇಷ್ಟು ಜನ ದೊಡ್ಡವರು ನೆಲದಲ್ಲಿ ಕೂತಿರುವುದು ಕಂಡದ್ದೇ ತಡ, ಅವನ ಕಾಲು ತಾನಾಗಿ ನಿಧಾನವಾಯಿತು. ಬೆನ್ನು ಬಗ್ಗಿತು. ಏದುಸಿರಿನಲ್ಲೇ ಬಾಯಿ "ತುಲೋ... ತುಲೋ..." ಎಂದಿತು. ಚಿಕ್ಕಂದಿನಿಂದ ಅಮ್ಮ ಕಿವಿ ಹಿಂಡಿ ಕಲಿಸಿದ್ದು, ಬ್ಯಾಗು ಕದ್ದರೂ ಬಿಡಲಿಲ್ಲ.

ಹೆಂಗಸರೂ ಅಷ್ಟೇ. ಅಭ್ಯಾಸಬಲದಿಂದ "ಹೂಂ, ಹೋಗಪ್ಪ" ಎಂದು ಮೊಣಕಾಲು ಸರಿಸಿ ದಾರಿ ಬಿಟ್ಟರು! ಅವನು ಅರ್ಧ ಚಾಪೆ ದಾಟಿಯೂ ಆಗಿತ್ತು.

"ಬುಬು!" ಅಕೇಸ ಚೀರಿದಳು. ವರಸೆಯಲ್ಲಿ ಚಿಕ್ಕಮ್ಮನಾದರೂ ಅಜ್ಜಿಯ ವಯಸ್ಸಿನ ಸೈನಿಮೆರೆಯನ್ನು ಅವಳು ಕರೆಯುತ್ತಿದ್ದದ್ದೇ ಹಾಗೆ. "ಇವನೇ! ನನ್ನ ಕೈ ಮುರಿದವನು!"

ಸೈನಿಮೆರೆ ಎರಡೂ ಕೈಯಿಂದ ಅವನ ಕಣಕಾಲು ಹಿಡಿದಳು. ಮೂವತ್ತಾರು ವರ್ಷ ಮೂಟೆ ಹೊತ್ತ ಕೈ. ಬಗ್ಗಿದ್ದವನು ಮುಗ್ಗರಿಸಿದ. ಸುಖರಾಜಿ ಬಟಾಣಿಯ ಬುಟ್ಟಿ ಬಿಟ್ಟು ಬ್ಯಾಗು ಕಸಿದುಕೊಂಡಳು.

"ಕೂತ್ಕೋ," ಎಂದಳು ಸೈನಿಮೆರೆ.

ಅವನು ಕೂತ. ಪೊಲೀಸರು ಬರುವವರೆಗೆ ಹಾಗೇ ಕೂತಿದ್ದ. ಅಕೇಸ ಅಂದೇ ಠಾಣೆಗೆ ಹೋಗಿ ಹೇಳಿಕೆ ಕೊಟ್ಟು, ಎಡಗೈ ಹೆಬ್ಬೆಟ್ಟು ಒತ್ತಿ ಬಂದಳು.

ಅವನು ಪೌಲಿಯಾಸಿಯ ತಂಗಿಯ ಮಗ ಇಸಿಕೇಲಿ ಎಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಗುರುವಾರ ಪೌಲಿಯಾಸಿ ತಿಮಿಂಗಿಲದ ಹಲ್ಲು ಹಿಡಿದು ಚಪ್ಪರಕ್ಕೆ ಬಂದ. ತಪ್ಪಾಯಿತು ಎಂದು ಆ ಹಲ್ಲು ಮುಂದಿಟ್ಟರೆ ಬೇಡ ಎನ್ನುವ ರೂಢಿ ಇಲ್ಲ. ತೆಗೆದುಕೊಂಡರೆ ದೂರೂ ವಾಪಸಾಗಬೇಕು, ಮಾತು ಅಲ್ಲಿಗೆ ಮುಗಿಯಬೇಕು. ಹುಡುಗಿಯ ಚಿಕ್ಕಪ್ಪನೆಂದು ಎಪರಾಮ ಕೈ ಚಾಚಲು ಸಿದ್ಧನಾಗಿ ಕೂತಿದ್ದ. ಸುದ್ದಿ ಚಾಪೆಯ ತನಕ ಬಂತು.

"ಹೋಗಿ ಹೇಳು," ಎಂದಳು ಸೈನಿಮೆರೆ ಸುದ್ದಿ ತಂದವಳಿಗೆ. "ಎಪರಾಮನ ಕೈ ಗಟ್ಟಿಯಾಗೇ ಇದೆ. ಮುರಿದ ಕೈ ಇಲ್ಲಿದೆ. ಹಲ್ಲು ಇಲ್ಲಿಗೆ ಬರಲಿ."

ಬಹಳ ಹೊತ್ತಿನ ಮೇಲೆ ಪೌಲಿಯಾಸಿ ಬಂದ, ಹಿಂದೆ ಎಪರಾಮ, ಸಮಿತಿ. ಬಗ್ಗಿ ಬಂದು ಚಾಪೆಯ ತುದಿಯಲ್ಲಿ ಕೂತರು. ಪೌಲಿಯಾಸಿ ಹಲ್ಲನ್ನು ಅಕೇಸಳ ಮುಂದೆ ಹಿಡಿದು, ತಗ್ಗಿದ ದನಿಯಲ್ಲಿ ಕ್ಷಮೆ ಕೇಳಿದ. ಅದು ತೋರಿಕೆಯ ಮಾತಾಗಿರಲಿಲ್ಲ. ಸೈನಿಮೆರೆಗೆ ಒಂದು ಕ್ಷಣ ಅವನ ತಂಗಿ, ಇಸಿಕೇಲಿಯ ತಾಯಿ, ನೆನಪಾದಳು. ಆದರೂ ಅಕೇಸಳ ಕಡೆ ತಿರುಗಿದಳು. ಮಾತು ಅಕೇಸಳದು.

ಅಕೇಸ ಎಡಗೈಯಿಂದ ಹಲ್ಲು ತೆಗೆದುಕೊಂಡಳು. ಗಂಡಸರ ಉಸಿರು ಸಡಿಲವಾಯಿತು.

"ಕ್ಷಮೆ ತಗೊಂಡಿದೀನಿ, ತುರಾಂಗ. ನಿಮ್ಮ ಮನೆಯವರ ಮೇಲೆ ನನಗೆ ಸಿಟ್ಟಿಲ್ಲ."

"ಹಾಗಾದ್ರೆ ನಾಳೆ ಠಾಣೆಗೆ..."

"ಠಾಣೆಗೆ ಬರಲ್ಲ. ದೂರು ಇರತ್ತೆ. ದಾರೀನೂ ಇರತ್ತೆ."

"ಇದು ಪದ್ಧತಿ ಅಲ್ಲ!" ಎಪರಾಮ ಎದ್ದೇಬಿಟ್ಟ. ಕೂತ ಹೆಂಗಸರ ನಡುವೆ ನೆಟ್ಟಗೆ ನಿಂತಿದ್ದೇನೆಂದು ತಕ್ಷಣ ಹೊಳೆದು ಮತ್ತೆ ಕೂತ. "ಸೈನಿ, ನೀನಾದ್ರೂ ಹೇಳು ಅವಳಿಗೆ."

"ಅವಳು ಹೇಳಿದ್ದು ನನಗೆ ಕೇಳಿಸ್ತು," ಎಂದಳು ಸೈನಿಮೆರೆ. "ನಿಮಗೆ ಕೇಳಿಸ್ಲಿಲ್ಲ ಅಂದ್ರೆ ಇನ್ನೊಂದ್ಸಲ ಹೇಳ್ತಾಳೆ."

ಅಕೇಸ ಇನ್ನೊಂದು ಸಲ ಹೇಳಿದಳು, ಈ ಸಲ ಬಸ್‌ಸ್ಟಾಪಿನವರೆಗೆ ಕೇಳುವಷ್ಟು ಗಟ್ಟಿಯಾಗಿ.