ಬೆಳೆಯುವ ಕೂಸಿನ ಜಾಕೆಟ್

ನಾನು ಗುಂಡ್ಲುಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ನಮ್ಮ ಕಡೆ ಹೆಣ್ಣುಮಕ್ಕಳ ಬಟ್ಟೆಯನ್ನು ಅಳತೆಗೆ ಸರಿಯಾಗಿ ಹೊಲಿದುಕೊಟ್ಟರೆ ಬೈಸಿಕೊಳ್ಳಬೇಕಾಗುತ್ತದೆ. ಲಂಗದ ಅಂಚಿಗೆ ಮಡಿಕೆ ಹಿಡಿಯಬೇಕು, ರವಿಕೆಯ ಪಕ್ಕದಲ್ಲಿ ಬಟ್ಟೆ ಬಿಡಬೇಕು. ವರ್ಷ ಕಳೆದಂತೆ ಒಂದೊಂದೇ ಮಡಿಕೆ ಬಿಚ್ಚುತ್ತಾ ಹೋದರೆ ಅದೇ ಲಂಗ ನಾಲ್ಕು ಹಬ್ಬಕ್ಕೆ ಬರುತ್ತದೆ. ಹಂಗಳದಿಂದ ಬರುವ ಹೆಂಗಸರಿರಲಿ, ಪೇಟೆಯ ಮೇಡಂಗಳಿರಲಿ, ಎಲ್ಲರದೂ ಒಂದೇ ರಾಗ: ಬೆಳೆಯುವ ಮಗು, ದೊಡ್ಡದಾಗೇ ಇರಲಿ. ಈಗ ಆ ಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಕತ್ತರಿ ಕೆಳಗಿಟ್ಟು ಅಂಗಡಿಯ ಹಿಂದಕ್ಕೆ ಎದ್ದು ಹೋಗುತ್ತೇನೆ.

ನನ್ನ ಅಣ್ಣನ ಮನೆ ಚಾಮರಾಜನಗರದ ಆಚೆ, ಜಲಾಶಯದ ದಡದ ಊರಿನಲ್ಲಿ. ಅವನ ಹೊಲ ನೀರಿನ ಆಚೆ ದಡಕ್ಕಿದೆ. ರಸ್ತೆ ಹಿಡಿದರೆ ದೊಡ್ಡ ಸುತ್ತು, ಅದಕ್ಕೇ ಎಲ್ಲರೂ ತೆಪ್ಪದಲ್ಲಿ ದಾಟುತ್ತಾರೆ. ಬಿದಿರು ಹೆಣೆದು ಪ್ಲಾಸ್ಟಿಕ್ ಹಾಳೆ ಹೊದಿಸಿದ ಗುಂಡನೆಯ ತೆಪ್ಪ. ಚೆಂಡುಹೂವಿನ ಮೂಟೆ, ಮೇಕೆ, ಮನುಷ್ಯರು ಎಲ್ಲಾ ಅದರಲ್ಲೇ. ಅಣ್ಣನಿಗೆ ಒಬ್ಬಳೇ ಮಗಳು, ಎರಡನೇ ಕ್ಲಾಸು. ಬಾಯಿ ಅಂದರೆ ಬಾಯಿ, ಊರಿಗೇ ಬುದ್ಧಿ ಹೇಳುವವಳು. ನನ್ನನ್ನು ಅತ್ತೆ ಅನ್ನುತ್ತಿರಲಿಲ್ಲ, ಟೈಲರಮ್ಮ ಎಂದೇ ಕರೆಯುತ್ತಿದ್ದಳು. ರಜೆ ಬಂತೆಂದರೆ ಹೂ ಕೀಳಲು ಅಪ್ಪನ ಜೊತೆ ಹೊರಟೇ ಬಿಡುವಳು. ಬಿಟ್ಟು ಹೋದರೆ ರಂಪ.

ಅತ್ತಿಗೆಗೆ ನೀರೆಂದರೆ ಭಯ. ಲೈಫ್ ಜಾಕೆಟ್ ತರುವವರೆಗೆ ಮಗಳನ್ನು ತೆಪ್ಪ ಹತ್ತಿಸುವುದಿಲ್ಲ ಎಂದು ಹಟ ಹಿಡಿದಳು. ಊರಿನಲ್ಲಿ ಯಾರೂ ಅಂಥದ್ದು ಹಾಕಿದವರಲ್ಲ, ಜನ ನಕ್ಕರು. ನಕ್ಕರೆ ನಗಲಿ ಎಂದು ಮೂವರೂ ಮೈಸೂರಿಗೆ ಹೋದರು. ಅಂಗಡಿಯವನು ಮಗುವಿನ ತೂಕ ಕೇಳಿ, ಒಂದನ್ನು ಹಾಕಿಸಿ, ಬಕಲ್ ಬಿಗಿದು, ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ ನೋಡಿದನಂತೆ. ಜಾಕೆಟ್ ಮೈಬಿಟ್ಟು ಕದಲಲಿಲ್ಲ, ಅವಳೇ ತುದಿಗಾಲಿನಲ್ಲಿ ನಿಂತಳಂತೆ. ಇದೇ ಸರಿ ಎಂದನಂತೆ. ಇವಳು ಬಿಗಿ, ಬಿಗಿ ಎಂದು ಮುಖ ಸಿಂಡರಿಸಿದಳು. ಅತ್ತಿಗೆ ಪಕ್ಕೆಗೆ ಬೆರಳು ತೂರಿಸಿ ನೋಡಿ, ಲಂಗಕ್ಕೆ ಹೇಳುವ ಮಾತನ್ನೇ ಹೇಳಿದಳು.

"ಬೆಳಿಯ ಕೂಸು ಕಣಣ್ಣ. ಬರ ವರ್ಸಕ್ಕೂ ಆಗ್ಬೇಕು, ದೊಡ್ಡದ್ನೇ ಕೊಡಿ."

ಸಡಿಲವಾದರೆ ನೀರಿನಲ್ಲಿ ಮೇಲೇರಿಬಿಡುತ್ತದೆ ಎಂದು ಅವನು ಒಂದು ಮಾತು ಹೇಳಿದ್ದು ನಿಜವಂತೆ. ಅಂಗಡಿಯವರು ಹೇಳುವುದು ಯಾರ ತಲೆಗೆ ಹೋಗುತ್ತದೆ! ನಾನು ಜೊತೆಗಿದ್ದಿದ್ದರೂ ದೊಡ್ಡದನ್ನೇ ಕೇಳುತ್ತಿದ್ದೆ. ಅದನ್ನು ನನಗೆ ತೋರಿಸಲೆಂದು ಅಣ್ಣನ ಮಗಳು ಬಸ್ಸಿನಲ್ಲಿ ಹಾಕಿಕೊಂಡೇ ಗುಂಡ್ಲುಪೇಟೆಗೆ ಬಂದಿದ್ದಳು. ಕಿತ್ತಳೆ ಬಣ್ಣ. ಕೂತರೆ ಕಿವಿ ಮುಚ್ಚಿ ಕಣ್ಣು ಮಾತ್ರ ಕಾಣುತ್ತಿತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ಒಂದು ಬೆಳಿಗ್ಗೆ, ಅಪ್ಪ ಮಗಳು ಹೂವಿನ ಮೂಟೆ ತುಂಬಿಕೊಂಡು ವಾಪಸು ಬರುವಾಗ ಗಾಳಿ ಎದ್ದಿತು. ದಡ ಹತ್ತಿರವೇ ಇತ್ತು. ಮೂಟೆಗಳು ಒಂದೇ ಕಡೆಗೆ ಜಾರಿ ತೆಪ್ಪ ಮಗುಚಿತು. ಅಣ್ಣ ಒಳ್ಳೆಯ ಈಜುಗಾರ. ಕಿತ್ತಳೆ ಬಣ್ಣ ಕಂಡ ಕಡೆಗೆ ಈಜಿ, ಹೆಗಲ ಪಟ್ಟಿ ಹಿಡಿದು ಎಳೆದ. ಇವತ್ತಿಗೂ ಊಟಕ್ಕೆ ಕೂತರೆ ತನ್ನ ಬಲಗೈಯನ್ನೇ ನೋಡುತ್ತಾ ಕೂರುತ್ತಾನೆ. ಸಂಜೆ ಮೀನು ಹಿಡಿಯುವವರು ಬಲೆ ಬಿಟ್ಟು ಮಗುವನ್ನು ತೆಗೆದರು. ಆಸ್ಪತ್ರೆಯ ಹೊರಗೆ ಅಣ್ಣ ನನಗೆ ಹೇಳಿದ್ದು ಇಷ್ಟೇ.

"ಜಾಕೀಟು ಕೈಗೆ ಬಂತು ಕಣಮ್ಮಿ. ಕೂಸು ಬರ್ನಿಲ್ಲ."

ದೇವರನ್ನು ಬೈದೆ, ಗಾಳಿಯನ್ನು ಬೈದೆ, ಆ ಹಾಳು ಹೂವನ್ನೂ ಬೈದೆ. ಏನು ಬಂತು? ಭಯವೇ ಇಲ್ಲದ ತಾಯಂದಿರ ಮಕ್ಕಳು ಬರೀ ಅಂಗಿಯಲ್ಲಿ ಈಗಲೂ ದಾಟುತ್ತಿದ್ದಾರೆ. ಹೆದರಿ, ಹಟ ಮಾಡಿ, ಮೈಸೂರಿಗೆ ಹೋಗಿ ಜಾಕೆಟ್ ತಂದವಳ ಮಗುವೇ ಹೋಯಿತು. ಇದನ್ನು ಹೇಗೆ ನುಂಗಿಕೊಳ್ಳುವುದೋ ನನಗೆ ಗೊತ್ತಿಲ್ಲ. ಕಾಲ ಎಲ್ಲವನ್ನೂ ಮರೆಸುತ್ತದೆ ಎಂದು ಯಾರಾದರೂ ಹೇಳಲು ಬಂದರೆ ಬಾಗಿಲು ತೋರಿಸುತ್ತೇನೆ.

ಮಣ್ಣಿಗೆ ಕೊಡುವ ಮುಂಚೆ ಹೊಸ ಬಟ್ಟೆ ಉಡಿಸಬೇಕೆಂದರು. ಹಬ್ಬಕ್ಕೆಂದು ನಾನೇ ಹೊಲಿದುಕೊಟ್ಟ ಹಸಿರು ಲಂಗ, ರವಿಕೆ ಪೆಟ್ಟಿಗೆಯಲ್ಲಿತ್ತು. ಒಂದು ಸಲವೂ ಹಾಕಿರಲಿಲ್ಲ. ಅತ್ತಿಗೆ ರವಿಕೆಯನ್ನು ಮಗಳ ಎದೆಯ ಮೇಲೆ ಹರಡಿ ನೋಡಿದಳು. ಎರಡೂ ಪಕ್ಕಕ್ಕೆ ಬಟ್ಟೆ ಮಿಕ್ಕಿತ್ತು. ರವಿಕೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

"ಸೈಡು ಹಿಡ್ಕೊಡಮ್ಮಿ. ಇದಾದ್ರೂ ಅಳತೆಗಾಗ್ಲಿ."

ಯಾರೋ ಸೂಜಿ ದಾರ ತಂದುಕೊಟ್ಟರು. ಮಗುವಿನ ಪಕ್ಕದಲ್ಲಿ ಕೂತು, ಬೆಳೆಯಲೆಂದು ಬಿಟ್ಟಿದ್ದ ಬಟ್ಟೆಯನ್ನೆಲ್ಲ ಒಳಕ್ಕೆ ಮಡಿಸಿ, ಮೈಗೆ ಸರಿಯಾಗಿ ಹೊಲಿದೆ. ಇನ್ನು ಬಿಚ್ಚುವ ಕೆಲಸವಿರಲಿಲ್ಲ. ಗಂಟನ್ನು ಗಟ್ಟಿಯಾಗಿ ಹಾಕಿದೆ.