ಉಂಡು ನೋಡದೆ ಬರೆಯದ ಮೇಡಂ

ಅವರ ಬಲಗೈ ಬೆರಳುಗಳು ಯಾವಾಗಲೂ ಕೆಂಪು. ಮದರಂಗಿಯಲ್ಲ, ಬೀಟ್‌ರೂಟ್. ಮಧ್ಯದ ಬೆರಳಿನ ಗೆಣ್ಣಿನ ಮೇಲೆ ಮಾತ್ರ ನೀಲಿ ಶಾಯಿಯ ಕಲೆ. ಎಷ್ಟು ತಿಕ್ಕಿದರೂ ಹೋಗದ್ದು. ಬಾಡಿಗೆ ಮನೆ ಕೇಳಿಕೊಂಡು ಬಂದ ದಿನ ನಮ್ಮತ್ತೆ ಮೊದಲು ನೋಡಿದ್ದು ಆ ಬೆರಳುಗಳನ್ನೇ. "ಕೊಲೆ ಗಿಲೆ ಮಾಡ್ಬಂದವ್ಳಾ ಕೇಳೇ" ಎಂದು ನನ್ನ ಕಿವಿಯಲ್ಲಿ ಅಂದರು.

ನಾಗಸಂದ್ರದಲ್ಲಿ ನಮ್ಮದು ಆಗ ಹೊಲ ಕಳೆದುಕೊಂಡ ಮನೆ. ರಾಗಿ ಹೊಲವೆಲ್ಲ ಪೀಣ್ಯದ ಕಾರ್ಖಾನೆಗಳಿಗೆ ಹೋಗಿ, ಬಂದ ಪರಿಹಾರದಲ್ಲಿ ಮಾವನವರು ಹಿತ್ತಲಲ್ಲಿ ಸಾಲಾಗಿ ಶೀಟಿನ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಕೊನೆಯ ಮನೆಗೆ ಮೇಡಂ ಬಂದರು. ಒಂಟಿ ಹೆಂಗಸು, ನಲವತ್ತು ದಾಟಿತ್ತು. ರಷ್ಯಾದಿಂದ ಯಂತ್ರ ತರಿಸಿದ್ದ ಒಂದು ಕಾರ್ಖಾನೆಯಲ್ಲಿ ದುಭಾಷಿ. ಅಲ್ಲಿಂದ ಬಂದ ಎಂಜಿನಿಯರುಗಳು ಹೇಳಿದ್ದನ್ನು ನಮ್ಮವರಿಗೆ, ನಮ್ಮವರು ಗೊಣಗಿದ್ದನ್ನು ಒಂದಿಷ್ಟು ನಯ ಮಾಡಿ ಅವರಿಗೆ ದಾಟಿಸುವ ಕೆಲಸ. ಅದು ಹೊಟ್ಟೆಪಾಡಿಗೆ. ಜೀವ ಇದ್ದದ್ದು ಬೆಳಗಿನ ಹೊತ್ತು ಮಾಡುತ್ತಿದ್ದ ಇನ್ನೊಂದು ಕೆಲಸದಲ್ಲಿ. ರಷ್ಯನ್ ಕಥೆ, ಕಾದಂಬರಿಗಳನ್ನು ಕನ್ನಡಕ್ಕೆ ತರುತ್ತಿದ್ದರು.

ಅದರಲ್ಲಿ ಅವರದೊಂದು ಹುಚ್ಚು. ಪುಸ್ತಕದಲ್ಲಿ ಯಾರಾದರೂ ಊಟಕ್ಕೆ ಕೂತರೋ, ಮೇಡಂ ಪೆನ್ನು ಕೆಳಗಿಡುತ್ತಿದ್ದರು. ಆ ಅಡುಗೆಯನ್ನು ತಾವು ಮಾಡಿ, ಉಂಡು ನೋಡುವ ತನಕ ಮುಂದಿನ ಸಾಲು ಇಲ್ಲ. ಬೆರಳಿನ ಕೆಂಪು ಅಲ್ಲಿಯ ಬೀಟ್‌ರೂಟ್ ಸಾರಿನದು. ಕೋಸು ಹೆಚ್ಚಿ ಉಪ್ಪು ಹಾಕಿ ಜಾಡಿಯಲ್ಲಿ ಹುಳಿಗಿಟ್ಟಾಗ ಸಾಲುಮನೆಯವರೆಲ್ಲ ಮೂಗು ಮುಚ್ಚಿಕೊಂಡು ಓಡಾಡಿದರು. ಅಲ್ಲಿಯ ಕರಿ ರೊಟ್ಟಿಗೆ ನಮ್ಮ ರಾಗಿ ಹಿಟ್ಟು ಹುದುಗು ಬರಿಸಿ, ಮರಳು ತುಂಬಿದ ಬಾಣಲೆಯಲ್ಲಿ ಸುಟ್ಟರು. ನನ್ನ ಗಂಡ ಅದನ್ನು ಕೈಯಲ್ಲಿ ತೂಗಿ ನೋಡಿ, "ಮೇಡಂ, ಕಾಂಪೌಂಡ್‌ಗೆ ಇನ್ನೊಂದಿಪ್ಪತ್ತು ಮಾಡ್ಕೊಡಿ" ಅಂದರು. ಮೇಡಂ ನಕ್ಕರು, ಆದರೆ ಬಿಡಲಿಲ್ಲ. ಮಾರನೆಯ ವಾರ ಮತ್ತೆ ಸುಟ್ಟರು.

ನನಗೆ ಅಡುಗೆ ಅಂದರೆ ಆಗದು. ಈಗಲೂ ಆಗದು. ತಾಯಿಯಿಲ್ಲದ ತವರಿನಿಂದ ಎಸ್ಸೆಸ್ಸೆಲ್ಸಿ ಮುಗಿಸಿದವಳನ್ನು ತಂದು ಹತ್ತು ಜನರ ಮುದ್ದೆಯ ಮುಂದೆ ಕೂರಿಸಿದ್ದರು. ಬೆಳಗಿನ ಸೈರನ್ನಿಗೆ ಒಲೆ ಹಚ್ಚಿದರೆ ರಾತ್ರಿ ಪಾಳಿಯ ಸೈರನ್ನಿಗೆ ಆರಿಸುವುದು. ಎಲ್ಲಿಗಾದರೂ ಎದ್ದು ಹೋಗಿಬಿಡೋಣ ಅನ್ನಿಸುತ್ತಿತ್ತು, ಎಲ್ಲಿಗೆ ಅಂತ ಗೊತ್ತಿರಲಿಲ್ಲ. ಹಾಗಾಗಿ ಮೇಡಂ ಮನೆಗೆ ಹೋಗುತ್ತಿದ್ದೆ. ಅವರೂ ನನ್ನಂಥವರೇ, ನಿಂತಲ್ಲಿ ನಿಲ್ಲದವರು. ಮೂರು ಹೆಜ್ಜೆಗೆ ಮುಗಿಯುವ ಕೋಣೆಯಲ್ಲಿ ಸೀಮೆಎಣ್ಣೆ ಸ್ಟವ್‌ನಿಂದ ಮೇಜಿಗೆ, ಮೇಜಿನಿಂದ ಕಿಟಕಿಗೆ ತಿರುಗುತ್ತಲೇ ಇರುತ್ತಿದ್ದರು. ಪುಟಗಟ್ಟಲೆ ಔತಣ ಬರೆಯುವ ಆ ಹೆಂಗಸು ಕೂತು ಉಂಡದ್ದನ್ನು ನಾನು ಕಂಡಿರಲಿಲ್ಲ. ಬಟ್ಟಲು ಕೈಯಲ್ಲಿ, ಚಮಚ ಬಾಯಲ್ಲಿ, ಕಣ್ಣು ಪುಸ್ತಕದಲ್ಲಿ.

ತಿರುಗುತ್ತಲೇ ಮಾತು. "ಕಥೇಲಿ ಒಬ್ಬ ಮನುಷ್ಯ ಏನು ಮಾತಾಡ್ತಾನೆ ಅಂತ ನೋಡಬೇಡ ಕಣೆ. ಹೇಗೆ ಉಣ್ತಾನೆ ನೋಡು. ಮಾತಲ್ಲಿ ಯಾರು ಬೇಕಾದ್ರೂ ದೊಡ್ಡೋರಾಗ್ತಾರೆ." ಇನ್ನೊಂದು ಸಲ ಹೇಳಿದ್ದು: "ಅಲ್ಲಿ ಎರಡು ಥರ ಬರಹಗಾರರು. ಊಟ ಕಂಡ್ರೆ ಕುಣಿಯೋರು ಒಬ್ಬರು. ಹಸಿದೋರಿರುವಾಗ ನಾನು ಹೇಗೆ ತಿನ್ನಲಿ ಅಂತ ಒದ್ದಾಡೋರು ಇನ್ನೊಬ್ಬರು. ಎರಡನೆಯೋರಿಗೆ ಕೈ ಮುಗೀತೀನಿ, ಊಟಕ್ಕೆ ಮಾತ್ರ ಮೊದಲನೆಯೋರ ಮನೆಗೇ ಹೋಗ್ತೀನಿ." ಅಲ್ಲಿಯ ಹಳ್ಳಿಗಳಲ್ಲಿ ಚಳಿಗೆ ಮುದುಕರು ದೊಡ್ಡ ಒಲೆಯ ಮೇಲೆಯೇ ಮಲಗುತ್ತಾರೆ ಎಂದು ಕೇಳಿ ನಮ್ಮತ್ತೆ ಬಾಯಿ ಬಿಟ್ಟುಕೊಂಡು ನಿಂತರು. "ಬೇಯಕಿಲ್ವಾ ಮೇಡಮ್ಮ?" ಮೇಡಂ ಕಾಗದದ ಮೇಲೆ ಆ ಒಲೆಯ ಚಿತ್ರ ಬರೆದು ತೋರಿಸಿದರು. ಅತ್ತೆಗೆ ಆ ದೇಶದ ಮೇಲೆ ಸ್ವಲ್ಪ ಗೌರವ ಬಂತು.

ನಾನು ಬಸುರಿಯಾಗಿ ಐದನೆಯ ತಿಂಗಳು. ಒಂದು ಭಾನುವಾರ ಮಧ್ಯಾಹ್ನ ಮೇಡಂ ಒಂದು ದೊಡ್ಡ ಬಟ್ಟಲು ಹಿಡಿದು ನಮ್ಮ ಅಡುಗೆಮನೆಗೆ ಬಂದರು. ಕುಟ್ಟಿದ ಗೋಧಿಯನ್ನು ಮೆತ್ತಗೆ ಬೇಯಿಸಿ, ಜೇನು, ಗಸಗಸೆ, ಒಣದ್ರಾಕ್ಷಿ ಹಾಕಿದ್ದರು. ಘಮ್ಮೆನ್ನುತ್ತಿತ್ತು. ಅತ್ತೆ ನನಗೆ ಎರಡು ಸಲ ಬಡಿಸಿ, ತಾವೂ ಬಳಿದುಕೊಂಡು ತಿಂದು, ಬೆರಳು ಚೀಪುತ್ತಾ ಕೇಳಿದರು: "ಚೆಂದಾಗೈತೆ ಮೇಡಮ್ಮ. ಇವತ್ತು ನಿಮ್ಮ ರಷ್ಯಾದಾಗೆ ಯಾವ ಹಬ್ಬ?"

"ಹಬ್ಬ ಅಲ್ಲಮ್ಮ" ಎಂದರು ಮೇಡಂ, ಪಾಠ ಹೇಳುವವರ ಉತ್ಸಾಹದಲ್ಲಿ. "ಇದು ಅಲ್ಲಿ ಸತ್ತವರ ಮನೇಲಿ ಬಡಿಸೋದು. ನನ್ನ ಪುಸ್ತಕದಲ್ಲಿ ಒಬ್ಬ ಮುದುಕ ತೀರ್ಕೊಂಡಿದ್ದಾನೆ."

ಅತ್ತೆಯ ಬೆರಳು ಬಾಯಲ್ಲೇ ನಿಂತಿತು. ಆಮೇಲೆ ಆ ಮನೆಯಲ್ಲಿ ಎದ್ದ ಕೂಗು ತುಮಕೂರು ರಸ್ತೆಯ ಲಾರಿಗಳಿಗೂ ಕೇಳಿರಬೇಕು. "ಅಯ್ಯೋ ನಿನ್ ಮನೆ ಹಾಳಾಗ! ಬಸುರಿ ಎಂಗ್ಸಿಗೆ ತಿಥಿ ಕೂಳು ಇಕ್ಕಿದ್ಯಲ್ಲೇ! ಓದ್ದೋಳಂತೆ ಓದ್ದೋಳು!" ಬಟ್ಟಲು ತಿಪ್ಪೆಗೆ ಹೋಯಿತು. ನನಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದಾಯಿತು. ಮೇಡಂ ಬಾಗಿಲಲ್ಲಿ ಬಣ್ಣಗೆಟ್ಟು ನಿಂತಿದ್ದರು. "ನಂಗೆ ಹೊಳೀಲೇ ಇಲ್ಲಮ್ಮ, ಪುಸ್ತಕದ ಗುಂಗಲ್ಲಿ..." ಎನ್ನುವುದರೊಳಗೆ ಅತ್ತೆ ಬಾಗಿಲು ಹಾಕಿದರು.

ಮನೆ ಖಾಲಿ ಮಾಡಿಸೋಣ ಎಂದರು ಮಾವ. ಅತ್ತೆ ಒಪ್ಪಲಿಲ್ಲ. "ಬ್ಯಾಡ. ಮಗ ಉಟ್ಟೋಗಂಟ ಇಲ್ಲೇ ಬಿದ್ದಿರ್ಲಿ. ಏನಾರ ಎಚ್ಚುಕಮ್ಮಿ ಆದ್ರೆ ಇಡ್ದು ಕೇಳಕೆ ಕಣ್ಮುಂದೆ ಇರ್ಬೇಕು." ನಾನು ಆ ಮನೆಯ ಹೊಸಿಲು ದಾಟಕೂಡದು ಎಂದೂ ಆಯಿತು.

ಹೆರಿಗೆಯ ತನಕದ ಆ ದಿನಗಳು ಹೇಗೆ ಕಳೆದವೋ ನನಗೇ ಗೊತ್ತು. ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ ಎಂದುಕೊಂಡಿದ್ದೆ. ಆದರೂ ಮಗು ಒಂದು ಗಳಿಗೆ ಅಲುಗಾಡದಿದ್ದರೆ ಸಾಕು, ಹೊಟ್ಟೆ ಮುಟ್ಟಿಕೊಳ್ಳುತ್ತಾ ಒಳಗೆ ಹೊರಗೆ ಓಡಾಡುತ್ತಿದ್ದೆ. ಕಿಟಕಿಯಲ್ಲಿ ಮೇಡಂ ನೆರಳೂ ಹಾಗೇ ಓಡಾಡುತ್ತಿತ್ತು. ಹೊಸ ವಾಸನೆ ಯಾವುದೂ ಬರುತ್ತಿರಲಿಲ್ಲ, ಬರೀ ಅನ್ನ ಬೇಯುವ ವಾಸನೆ. ಎಂದರೆ ಬರೆಯುತ್ತಿಲ್ಲ ಎಂದು ಅರ್ಥ. ಅವರ ಮೇಲೆ ಸಿಟ್ಟು ಬರುತ್ತಿತ್ತು, ಆ ಸಿಟ್ಟಿಗೆ ಅಳುವೂ ಬರುತ್ತಿತ್ತು.

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಇಬ್ಬರೇ ಸಿಕ್ಕೆವು. ಮೇಡಂ ಕೊಡ ನೋಡುತ್ತಲೇ ಮಾತಾಡಿದರು. "ನಿಮ್ಮತ್ತೆ ಬೈದದ್ದು ಸರಿ ಕಣೆ. ಆ ಊಟದ ಅಧ್ಯಾಯನ ನಾನು ಬರೀ ಅಡುಗೆ ಮಾಡೋ ಕ್ರಮ ಬರೆದ ಹಾಗೆ ಬರೆದಿದ್ದೆ. ಗೋಧಿ, ಜೇನು, ಗಸಗಸೆ, ಮುಗೀತು. ಅದನ್ನ ತಿನ್ನೋರ ಗಂಟಲಲ್ಲಿ ಏನಿರತ್ತೆ ಅಂತ ಗೊತ್ತೇ ಇರ್ಲಿಲ್ಲ. ಅವತ್ತು ನಿಮ್ಮತ್ತೆ ಮುಖ ನೋಡಿ ಗೊತ್ತಾಯ್ತು. ನೀನು ಸುಖವಾಗಿ ಹೆತ್ತುಬಿಡು. ಆ ಪುಟಗಳನ್ನ ಹರಿದು ಹಾಕಿ ಹೊಸದಾಗಿ ಬರೀತೀನಿ. ಅಲ್ಲೀವರೆಗೂ ಕೈ ಏಳಲ್ಲ."

ಸುಖವಾಗಿ ಹೆತ್ತೆ. ಹೆಣ್ಣು ಮಗು, ಗುಂಡುಗುಂಡಗೆ. ಅತ್ತೆ ಕೂಸಿನ ಕೈಕಾಲು ಮುಟ್ಟಿ ಮುಟ್ಟಿ ನೋಡಿ, ಉಸ್ಸಪ್ಪಾ ಎಂದು ಕೂತರು. ಹಿತ್ತಲಿಗೆ ಹೋಗಿ ಮೇಡಂ ಬಾಗಿಲ ಮುಂದೆ ನಿಂತು, "ಎಲ್ಲಾ ನೆಟ್ಟಗೈತೆ" ಎಂದಷ್ಟೇ ಹೇಳಿ ಬಂದರಂತೆ.

ತೊಟ್ಟಿಲ ಶಾಸ್ತ್ರದ ದಿನ ಮೇಡಂ ಬಾಗಿಲಲ್ಲಿ ನಿಂತಿದ್ದರು, ಮತ್ತೆ ಕೈಯಲ್ಲಿ ಬಟ್ಟಲು. ಮನೆ ತುಂಬ ಇದ್ದ ನೆಂಟರ ಎದುರು ಅತ್ತೆಯ ಮುಖ ಬಿಗಿಯಿತು. "ಇದೇನು ಮತ್ತೆ?"

"ನವಣೆ ಗಂಜಿ ಅಮ್ಮ. ಇದು ಹುಟ್ಟಿನ ಊಟ, ಕಾರ್ಖಾನೆಗೆ ಬಂದಿದ್ದ ರಷ್ಯಾದ ಹೆಂಗಸೊಬ್ಬರನ್ನ ಕೇಳಿ ಖಾತ್ರಿ ಮಾಡ್ಕೊಂಡು ತಂದಿದೀನಿ. ಆದ್ರೆ ಇದನ್ನ ಮಗುವಿನ ಅಪ್ಪ ತಿನ್ನಬೇಕು. ಅಲ್ಲಿಯ ಪದ್ಧತಿ."

ಮರ್ಯಾದೆಗೆ ನನ್ನ ಗಂಡ ಒಂದು ಚಮಚ ಬಾಯಿಗೆ ಹಾಕಿಕೊಂಡರು. ಕಣ್ಣಲ್ಲಿ ನೀರು ಬಂತು. ಒಂದು ಹಿಡಿ ಉಪ್ಪು, ಅದಕ್ಕೆ ತಕ್ಕ ಮೆಣಸು. "ಏನ್ ಮೇಡಂ ಇದು!"

"ಹೆರಿಗೆ ನೋವು ಒಂದು ಚಿಟಿಕೆಯಾದ್ರೂ ಗಂಡಸಿಗೂ ಗೊತ್ತಾಗ್ಲಿ ಅಂತ ಹೀಗೆ ಮಾಡ್ತಾರಂತೆ."

 ನಮ್ಮತ್ತೆ ನಕ್ಕರು. ಸೆರಗು ಬಾಯಿಗೆ ಒತ್ತಿಕೊಂಡು, ಹೊಟ್ಟೆ ಹಿಡಿದುಕೊಂಡು, ಕಂಬಕ್ಕೆ ಒರಗಿ ನಕ್ಕರು. ಮದುವೆಯಾಗಿ ಬಂದಾಗಿನಿಂದ ಅವರು ಹಾಗೆ ನಕ್ಕದ್ದು ನಾನು ನೋಡಿರಲಿಲ್ಲ. "ನಮ್ಮೆಜಮಾನ್ರಿಗೂ ಒಂದು ಬಟ್ಲು ಇಕ್ಕು ಮೇಡಮ್ಮ! ಏಳು ಮಕ್ಳು ಎತ್ತಿವ್ನಿ, ಏಳು ಚಮ್ಚ ತಿನ್ಸು!" ಮಾವ ಮೆಲ್ಲಗೆ ಜಗಲಿಗೆ ಜಾರಿಕೊಂಡರು. ಪಂಕ್ತಿಯಲ್ಲಿ ಎಲೆ ಹಾಕಿದಾಗ ಮೇಡಂ ಎಂದಿನಂತೆ ಗೋಡೆಗೆ ಒರಗಿ ನಿಂತೇ ಇದ್ದರು. ಅತ್ತೆ ರಟ್ಟೆ ಹಿಡಿದು ಎಲೆಯ ಮುಂದೆ ಕೂರಿಸಿದರು. "ಕುಂತ್ಕೊಂಡು ಉಣ್ಣು. ಎಲ್ಲೂ ಓಡೋಗಕಿಲ್ಲ ಅನ್ನ." ಮೇಡಂ ಕೂತರು, ಹೋಳಿಗೆ ಮುಗಿಯುವ ತನಕ ಏಳಲಿಲ್ಲ.

ಆ ಕಾದಂಬರಿ ಅಚ್ಚಾಗಿ ಬಂತು. ತಿಥಿಯೂಟದ ಅಧ್ಯಾಯವನ್ನು ನಾನು ಅತ್ತೆಗೆ ಓದಿ ಹೇಳಿದೆ. ಒಬ್ಬ ಮುದುಕಿ ಗೋಧಿಯ ಬಟ್ಟಲು ಹಿಡಿದು ಅದನ್ನು ನುಂಗಲಾರದೆ ಕೂತಿರುತ್ತಾಳೆ. ಅತ್ತೆ ಬಿಡಿಸುತ್ತಿದ್ದ ಅವರೆಕಾಯಿ ಹಾಗೇ ಬಿಟ್ಟರು. ಅಡುಗೆ ಆಗದ ನಾನು ಅಂದಿನಿಂದ ಒಲೆಯ ಪಕ್ಕ ಒಂದು ಪುಸ್ತಕ ಇಟ್ಟುಕೊಂಡೇ ಮುದ್ದೆ ತಿರುವಿದೆ. ಎಲ್ಲಿಗೆ ಎದ್ದು ಹೋಗಬೇಕು ಎಂದು ಗೊತ್ತಿರದಿದ್ದವಳಿಗೆ ಮೇಡಂ ಕೂತಲ್ಲೇ ಹೋಗುವ ದಾರಿ ತೋರಿಸಿದರು. ಆ ಋಣ ತೀರುವಂಥದ್ದಲ್ಲ.

ನನ್ನ ಮಗಳು ಶಾಲೆಗೆ ಹೋಗುವ ಹೊತ್ತಿಗೆ ಮೇಡಂ ಹೋದರು. ಒಂದು ಬೆಳಿಗ್ಗೆ ಸ್ಟವ್ ಮೇಲೆ ಏನೋ ಸೀದ ವಾಸನೆ ಬಂದು ಓಡಿದೆ. ಮೇಜಿನ ಹತ್ತಿರ ಬಿದ್ದಿದ್ದರು, ಎದೆಬಡಿತ ನಿಂತಿತ್ತು. ದೂರದ ಊರಿನಿಂದ ಅವರ ತಮ್ಮನೊಬ್ಬ ಬಂದು, ಸುಟ್ಟು, ಅಂದೇ ಹೊರಟುಹೋದ. ತಿಥಿ ಮಾಡುತ್ತೀರಾ ಎಂದು ಕೇಳಿದ್ದಕ್ಕೆ, "ಅವಳಿಗೆ ಅದರಲ್ಲೆಲ್ಲ ನಂಬಿಕೆ ಇರ್ಲಿಲ್ಲ ಬಿಡಿ" ಎಂದ. ನಂಬಿಕೆ ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಉಣ್ಣುವುದರಲ್ಲಿ ನಂಬಿಕೆ ಇತ್ತು, ಅದು ಗೊತ್ತು.

ಹನ್ನೊಂದನೆಯ ದಿನ ಅವರ ಕೋಣೆಯ ಬೀಗ ತೆಗೆದು, ಅವರದೇ ಸ್ಟವ್ ಹಚ್ಚಿ, ಗೋಧಿ ಬೇಯಲಿಟ್ಟೆ. ಜೇನು, ಗಸಗಸೆ, ದ್ರಾಕ್ಷಿ. ಹೆದರಿಕೆಯೇನೋ ಇತ್ತು. ಬಾಗಿಲಲ್ಲಿ ಕೋಲು ಕುಟ್ಟುವ ಸದ್ದಾಯಿತು. ಅತ್ತೆ. ಪಕ್ಕದಲ್ಲಿ ನನ್ನ ಮಗಳ ಕೈ ಹಿಡಿದಿದ್ದರು. ವಾಸನೆ ಹಿಡಿದೇ ಬಂದಿದ್ದರು.

"ಅದೇ ಅಲ್ವಾ?"

"ಅದೇ ಅತ್ತೆ."

ಬೈಯುತ್ತಾರೆ ಎಂದುಕೊಂಡೆ. ಅವರು ಮೆಲ್ಲಗೆ ನೆಲದ ಮೇಲೆ ಕೂತರು. "ಅವತ್ತು ಸತ್ತೋರು ಇಲ್ದೆ ಮಾಡಿದ್ಲು, ಅದ್ಕೇ ಬೈದೆ" ಎಂದರು. "ಇವತ್ತು ಮಾಡ್ಬೇಕು. ಮಾಡ್ದಿದ್ರೆ ತಪ್ಪು." ಬಟ್ಟಲು ತೆಗೆದುಕೊಂಡು ಒಂದು ತುತ್ತು ಊದಿ ಆರಿಸಿದರು, ತಮ್ಮ ಬಾಯಿಗೆ ಇಡಲಿಲ್ಲ. ಮೊಮ್ಮಗಳನ್ನು ಹತ್ತಿರ ಎಳೆದುಕೊಂಡರು.

"ಬಾ ಮಗಾ, ಮೊದ್ಲು ನೀನು ತಿನ್ನು. ನೀನು ಒಟ್ಟೇಲಿದ್ದಾಗ್ಲೇ ಇದ್ರ ರುಚಿ ನೋಡಿದ್ದೋಳು."