ರಸಬಾಳೆ ಬಿಯರಿನ ಎಡೆ

ಹಿರಿಯರ ಹಬ್ಬದ ದಿನ ನಂಜನಗೂಡಿನ ಆ ಮನೆಯ ಜಗುಲಿಯಲ್ಲಿ ಮೂವರಿದ್ದೆವು. ಪಕ್ಕದ ಮನೆಯ ನಾನು, ಆ ಮನೆಯ ಯಜಮಾನರಾದ ಲೇತ್ ಮೆಕ್ಯಾನಿಕ್ಕು, ಬನ್ನೂರಿನಿಂದ ಬಂದಿದ್ದ ಅವರ ಅತ್ತಿಗೆ.

ಮೆಕ್ಯಾನಿಕ್ಕು ಮನೆಯಲ್ಲೇ ಗೋಧಿ ಬಿಯರ್ ಮಾಡುತ್ತಿದ್ದರು. ರಸಬಾಳೆ ಹಿಸುಕಿ ಹಾಕಿ, ಹುದುಗೇಳುವ ಡ್ರಮ್ಮಿಗೆ ಕಿವಿಯಿಟ್ಟು ಕೂರುವರು. ಯಾರಾದರೂ ಕರೆದರೆ, "ತಡೀರಿ, ಉಸ್ರಾಡ್ತಾ ಅದೆ" ಅನ್ನುವರು.

ಅವರ ಅಣ್ಣ ಯಾವುದೋ ಜಗಳದಲ್ಲಿ, "ನಿನ್ ಕೈಯಿಂದ ನೀರೂ ಕುಡ್ಯಕಿಲ್ಲ ಕಣ್ಲಾ" ಎಂದವರು, ಮಾತು ಬಿಟ್ಟೇ ಸತ್ತುಹೋಗಿದ್ದರು. ಆ ಅಣ್ಣ ಒಪ್ಪಲೆಂದೇ ಪ್ರತಿವರ್ಷ ಎಡೆಗೆ ಒಂದು ಲೋಟ ಈ ಬಿಯರ್.

ಸತ್ತವರು ಬಂದು ಉಣ್ಣಲೆಂದು ಎಡೆಯಿಟ್ಟು, ಬಾಗಿಲು ಮುಚ್ಚಿ ಹೊರಗೆ ಕೂತಿದ್ದೆವು.

"ಈ ಸಲನಾದ್ರೂ ಮುಟ್ತಾನಾ, ಅತ್ಗೆ?"

"ಬದ್ಕಿದ್ದಾಗ್ಲೇ ನಿಮ್ಮಣ್ಣ ಯಾರ್ ಮಾತ್ ಕೇಳ್ತಿದ್ರು? ಸುಮ್ಕಿರಪ್ಪ."

ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋದೆವು. ನಾವು ಇಟ್ಟಿದ್ದ ಲೋಟದ ಪಕ್ಕದಲ್ಲಿ ಇನ್ನೊಂದು ಲೋಟವಿತ್ತು. ಬಿಯರ್ ಎರಡರಲ್ಲೂ ಅರ್ಧರ್ಧ ಇತ್ತು. ಒಳಗೆ ಯಾರೂ ಇರಲಿಲ್ಲ, ಮನೆಗೆ ಬೇರೆ ಬಾಗಿಲೂ ಇರಲಿಲ್ಲ.

ಅತ್ತಿಗೆ ಮೈದುನನಿಗೆ ಅಡ್ಡ ನಿಂತರು. "ಮುಟ್ಬ್ಯಾಡ ಕಣಪ್ಪ."

"ನನ್ ಪಾಲು, ಅತ್ಗೆ. ಅಣ್ಣ ಕೊಟ್ಟವ್ನೆ," ಎಂದು ಅವರು ಆ ಇನ್ನೊಂದು ಲೋಟ ಎತ್ತಿ, ನಿಂತೇ ಕುಡಿದರು.

ಮುಂದಿನ ವರ್ಷದ ಹಬ್ಬದಲ್ಲಿ ಅಣ್ಣತಮ್ಮ ಇಬ್ಬರಿಗೂ ಅತ್ತಿಗೆಯೇ ಎಡೆ ಇಟ್ಟರು.